ಇಳಿಬಿಸಿಲಲ್ಲಿ ಗೋಡೆಯ ಬಣ್ಣ: ವೈಟ್ ಬ್ಯಾಲೆನ್ಸ್‌ಗೆ ನೆರಳೇ ಸಾಕ್ಷಿ

ಉತ್ತರ ಕನ್ನಡದ ಮಿರ್ಜಾನ್ ಕೋಟೆಯ ಸಂಜೆ ಫೋಟೋಗಳನ್ನು ಒಮ್ಮೆ ಸಾಲಾಗಿ ನೋಡಿ. ಬಹಳಷ್ಟರಲ್ಲಿ ಗೋಡೆ ಕೇಸರಿಬಾತಿನ ಬಣ್ಣಕ್ಕೆ ತಿರುಗಿರುತ್ತದೆ. ಇನ್ನು ಕೆಲವರ ಫೋಟೋದಲ್ಲಿ ಅದೇ ಗೋಡೆ, ಅದೇ ಹೊತ್ತು, ಆದರೆ ಬಿಸಿಲೇ ಬಿದ್ದಿಲ್ಲವೇನೋ ಎನ್ನುವ ಹಾಗೆ ಬಿಳಿಚಿಕೊಂಡಿರುತ್ತದೆ. ಚಿರೆಕಲ್ಲಿನ ಬಣ್ಣ ಇವೆರಡೂ ಅಲ್ಲ. ಹತ್ತಿರ ಹೋದರೆ ಅದರಲ್ಲಿ ಕಂದು, ಕೆಂಪು, ಒಣಗಿದ ಪಾಚಿಯ ಕಪ್ಪು, ಮಳೆ ಮುಗಿದ ಹೊಸದರಲ್ಲಾದರೆ ಹಸಿರು, ಎಲ್ಲವೂ ಕಾಣುತ್ತದೆ. ಸಂಜೆ ಬಿಸಿಲು ಇವೆಲ್ಲದರ ಮೇಲೆ ಒಂದು ಪದರ ಹಳದಿ ಬಳಿಯುತ್ತದೆ. ಆ ಹಳದಿ ಉಳಿಯಬೇಕು, ಅದರ ಕೆಳಗಿನ ಕಲ್ಲೂ ಕಾಣಬೇಕು. ಕಷ್ಟ ಇರುವುದೇ ಅಲ್ಲಿ. ಇದನ್ನು ಹೊಂದಿಸುವುದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣವನ್ನು ಸರಿದೂಗಿಸುವ ಸೆಟ್ಟಿಂಗ್.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ, ಘಟ್ಟದ ಮೇಲೆ ಶಿರಸಿ, ಬನವಾಸಿ. ಈ ಕಡೆಯ ಕಟ್ಟಡಗಳನ್ನು ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ತೆಗೆಯುವವರಿಗೆ ಇದನ್ನು ಬರೆದಿದ್ದೇನೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಕೊಡುವ ಯಾವ ಕ್ಯಾಮೆರಾ ಆದರೂ ಸಾಕು, ಫೋನ್ ಆದರೂ ನಡೆಯುತ್ತದೆ. ಜೊತೆಗೆ ಒಂದು ಗ್ರೇ ಕಾರ್ಡ್ (ಬೆಳಕಿನ ಬಣ್ಣ ಅಳೆಯಲು ಬಳಸುವ ಬೂದು ಕಾರ್ಡ್) ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸಂಜೆಗೆ ಎರಡು ಬೆಳಕು

ಸೂರ್ಯ ಕೆಳಗಿಳಿದಷ್ಟೂ ಅವನ ಬೆಳಕು ಜಾಸ್ತಿ ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗುತ್ತದೆ. ಗಾಳಿಯಲ್ಲಿ ಕೆಂಪಿಗಿಂತ ನೀಲಿ ಸುಮಾರು ನಾಲ್ಕು ಪಟ್ಟು ಜಾಸ್ತಿ ಚದುರುತ್ತದೆ. ಹಾಗಾಗಿ ನೇರ ಬಿಸಿಲಲ್ಲಿ ಹಳದಿ, ಕೆಂಪು ಉಳಿಯುತ್ತವೆ. ಚದುರಿದ ನೀಲಿ ಎಲ್ಲೂ ಕಳೆದುಹೋಗುವುದಿಲ್ಲ. ಆಕಾಶದಿಂದ ಇಳಿದು ಬಂದು ನೆರಳಿರುವ ಜಾಗವನ್ನು ಬೆಳಗುತ್ತದೆ. ಅಂದರೆ ಒಂದೇ ಗೋಡೆಯ ಮೇಲೆ ಬಿಸಿಲಿನ ಕಡೆ ಹಳದಿ ಬೆಳಕು, ನೆರಳಿನ ಕಡೆ ನೀಲಿ ಬೆಳಕು.

ಅಂಕಿಗಳಲ್ಲಿ ಹೇಳುವುದಾದರೆ, ಮಧ್ಯಾಹ್ನದ ಬಿಸಿಲು 5200ರಿಂದ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಮುಳುಗಲು ಒಂದು ಗಂಟೆ ಇರುವಾಗ 4000ದ ಆಸುಪಾಸು. ಕೊನೆಯ ಹತ್ತು ನಿಮಿಷದಲ್ಲಿ 3000ಕ್ಕೂ ಕೆಳಗೆ ಇಳಿಯಬಹುದು. ಅದೇ ಹೊತ್ತಿನಲ್ಲಿ ನೀಲಿ ಆಕಾಶದ ಕೆಳಗಿನ ನೆರಳು 7000ದಿಂದ 10000ದವರೆಗೆ ಇರುತ್ತದೆ. ಒಂದು ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್ ಕೊಡುವ ಕ್ಯಾಮೆರಾ ಎರಡನ್ನೂ ಒಟ್ಟಿಗೆ ಸರಿ ಮಾಡಲು ಸಾಧ್ಯವೇ ಇಲ್ಲ. ಯಾವುದನ್ನು ಎಷ್ಟು ಬಿಡಬೇಕು ಎನ್ನುವುದನ್ನು ನೀವೇ ತೀರ್ಮಾನಿಸಬೇಕು.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಬೆಳಕಿನ ಕೆಲ್ವಿನ್ ಕಮ್ಮಿ ಇದ್ದಷ್ಟೂ ಅದು ಹಳದಿ. ಆದರೆ ಕ್ಯಾಮೆರಾದಲ್ಲಿ ಕೆಲ್ವಿನ್ ಏರಿಸಿದಷ್ಟೂ ಫೋಟೋ ಹಳದಿಯಾಗುತ್ತದೆ. ಉಲ್ಟಾ ಅನಿಸುತ್ತದೆ, ಅಲ್ವಾ? ಕಾರಣ ಸರಳ. ಕ್ಯಾಮೆರಾಕ್ಕೆ 8000 ಎಂದರೆ ‘ಇಲ್ಲಿ ಬೆಳಕು ತುಂಬಾ ನೀಲಿ ಇದೆ’ ಎಂದು ಹೇಳಿದ ಹಾಗೆ. ಅದು ಆ ನೀಲಿಯನ್ನು ಸರಿದೂಗಿಸಲು ಹಳದಿ ಸೇರಿಸುತ್ತದೆ.

ಹೊತ್ತು ಮತ್ತು ದಿಕ್ಕು

ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಕಾರವಾರ ಇರುವುದು 74 ಡಿಗ್ರಿಯ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹಿಂದೆ ಇರುತ್ತಾನೆ. ಬೇರೆ ಊರಿನವರು ಹೇಳಿದ ‘ನಾಲ್ಕು ಗಂಟೆ ಬೆಳಕು’ ಇಲ್ಲಿ ನಾಲ್ಕು ಗಂಟೆಗೆ ಸಿಗದಿರಬಹುದು. ನವೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಕೂಡಲೇ, ಜೂನ್ ಕೊನೆಯಲ್ಲಿ ಏಳು ದಾಟಿದ ಮೇಲೆ. ಸೂರ್ಯಾಸ್ತದ ಸಮಯ ನೋಡಿಕೊಂಡು ಒಂದೂವರೆ ಗಂಟೆ ಮೊದಲೇ ಜಾಗಕ್ಕೆ ಹೋಗಿ.

ಕರಾವಳಿಯಲ್ಲಿ ಪಡುವಣ ದಿಕ್ಕು ಬಯಲು. ಸೂರ್ಯ ನೀರಿಗೆ ತಾಗುವವರೆಗೂ ಬಿಸಿಲು ಸಿಗುತ್ತದೆ. ಶಿರಸಿ ಕಡೆ ಹಾಗಲ್ಲ. ಗುಡ್ಡ, ಕಾಡು, ಅಡಿಕೆ ಮರದ ಸಾಲು, ಯಾವುದಾದರೊಂದು ಅಡ್ಡ ಬಂದು ಬಿಸಿಲು ಬೇಗ ಮಾಯವಾಗುತ್ತದೆ. ಅಲ್ಲಿ ಪಂಚಾಂಗದ ಸೂರ್ಯಾಸ್ತವನ್ನು ನಂಬಿ ಕೂರಬೇಡಿ.

ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಫೋನಿನ ದಿಕ್ಸೂಚಿಯಲ್ಲಿ ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ವಾಯವ್ಯಕ್ಕೆ ನೋಡುವ ಗೋಡೆಗೆ ಬೇಸಿಗೆಯಲ್ಲಿ ಸಂಜೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಡಿಸೆಂಬರ್‌ನಲ್ಲಿ ತೀರಾ ಓರೆಯಾಗಿ ಸವರಿಕೊಂಡು ಹೋಗುತ್ತದೆ ಅಷ್ಟೆ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನ ಪಶ್ಚಿಮಕ್ಕೆ, ಕಡಲಿಗೆ ಮುಖ ಮಾಡಿದೆ. ಬನವಾಸಿಯ ಮಧುಕೇಶ್ವರ ಪೂರ್ವಕ್ಕೆ. ಸಂಜೆ ಬನವಾಸಿಗೆ ಹೋಗಿ ಎದುರಿನಿಂದ ಹೊಂಬಿಸಿಲಿನ ಫೋಟೋ ತೆಗೆಯುತ್ತೇನೆ ಎಂದರೆ ಸಿಗುವುದಿಲ್ಲ. ಮುಂಭಾಗ ಆಗ ಪೂರ್ತಿ ನೆರಳಲ್ಲಿರುತ್ತದೆ, ಆಕಾಶದ ನೀಲಿ ಬೆಳಕಷ್ಟೇ ಅದಕ್ಕೆ. ಹಿಂದಿನ ಗೋಡೆ, ಪಕ್ಕದ ಗೋಡೆ ತೆಗೆಯಿರಿ. ಅಥವಾ ಮುಂಭಾಗವನ್ನು ನೆರಳಿನ ಫೋಟೋ ಎಂದೇ ಒಪ್ಪಿಕೊಂಡು ವೈಟ್ ಬ್ಯಾಲೆನ್ಸ್ 7000ದ ಮೇಲೆ ಇಟ್ಟು ತೆಗೆಯಿರಿ. ಕಲ್ಲಿನ ಕೆತ್ತನೆ ಮೃದುವಾಗಿ ಬರುತ್ತದೆ, ಅದರಲ್ಲೂ ಒಂದು ಸೊಗಸಿದೆ.

ಹವೆಯನ್ನೂ ಗಮನಿಸಿ. ಮಳೆ ತೊಳೆದು ಹೋದ ಅಕ್ಟೋಬರ್, ನವೆಂಬರ್‌ನ ಸ್ವಚ್ಛ ಗಾಳಿಯಲ್ಲಿ ಬಿಸಿಲು ಮತ್ತು ನೆರಳಿನ ಬಣ್ಣದ ಅಂತರ ತುಂಬಾ ದೊಡ್ಡದು. ಏಪ್ರಿಲ್, ಮೇ ಹೊತ್ತಿಗೆ ಕಡಲ ತೇವ ಮಂಜಿನ ಹಾಗೆ ಕವಿದಿರುತ್ತದೆ. ಆಕಾಶ ನೀಲಿ ಬಿಟ್ಟು ಹಾಲಿನ ಬಣ್ಣಕ್ಕೆ ಬರುತ್ತದೆ, ನೆರಳಿನ ನೀಲಿಯೂ ಇಳಿಯುತ್ತದೆ. ಮೇ ತಿಂಗಳ ಕರಾವಳಿ ಬಣ್ಣ ಹೊಂದಿಸಲು ಸುಲಭ, ನೋಡಲು ಸ್ವಲ್ಪ ಸಪ್ಪೆ.

ಕ್ಯಾಮೆರಾ ಸಿದ್ಧ ಮಾಡುವುದು

ರಾ ಆನ್ ಮಾಡಿ. ಆಟೋ ವೈಟ್ ಬ್ಯಾಲೆನ್ಸ್ ತೆಗೆದು ಡೇಲೈಟ್‌ಗೆ ಹಾಕಿ. ರಾ ಫೈಲ್‌ನಲ್ಲಿ ಆಮೇಲೆ ಬದಲಿಸಬಹುದಲ್ಲ, ಈಗ ಯಾಕೆ ತಲೆಬಿಸಿ ಎಂದು ಕೇಳುತ್ತಾರೆ. ಎರಡು ಕಾರಣ. ಆಟೋದಲ್ಲಿ ಪ್ರತಿ ಫೋಟೋಗೂ ಒಂದೊಂದು ಸಂಖ್ಯೆ ಬರುತ್ತದೆ. ಚೌಕಟ್ಟಿನಲ್ಲಿ ಸ್ವಲ್ಪ ಆಕಾಶ ಹೆಚ್ಚಾದರೂ ಬಣ್ಣ ಕುಣಿಯುತ್ತದೆ. ಸಂಜೆ ಇಳಿದ ಹಾಗೆ ಬೆಳಕು ಹೇಗೆ ಬದಲಾಯಿತು ಎಂದು ಪರದೆಯಲ್ಲಿ ನೋಡಲು ಆಗುವುದಿಲ್ಲ. ಎರಡನೆಯದು, ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟಿದೆ ಎನ್ನುವ ನಕ್ಷೆ) ಆ ಹೊತ್ತಿನ ವೈಟ್ ಬ್ಯಾಲೆನ್ಸ್‌ನಲ್ಲಿ ತಯಾರಾದ ಜೆಪೆಗ್‌ನದು. ವೈಟ್ ಬ್ಯಾಲೆನ್ಸ್ ಶೇಡ್‌ನಲ್ಲಿ (ನೆರಳಿಗೆಂದು ಇರುವ, ಹಳದಿ ಸೇರಿಸುವ ಆಯ್ಕೆ) ಇಟ್ಟರೆ ಕೆಂಪು ನಿಜಕ್ಕಿಂತ ಜಾಸ್ತಿ ತುಂಬಿದ ಹಾಗೆ ತೋರಿಸುತ್ತದೆ. ಸುಮ್ನೆ ಹೆದರಿ ಎಕ್ಸ್‌ಪೋಶರ್ ಇಳಿಸಿಬಿಡುತ್ತೀರಿ.

ಹಿಸ್ಟೋಗ್ರಾಮ್ ಒಂದೇ ಬಿಳಿ ಗುಡ್ಡದ್ದು ಬೇಡ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು ಹಾಕಿಕೊಳ್ಳಿ. ಇಳಿಬಿಸಿಲಲ್ಲಿ ಚಿರೆಕಲ್ಲು, ಹೆಂಚಿನ ಮಾಡು ತೆಗೆಯುವಾಗ ಮೊದಲು ಕೈಕೊಡುವುದು ಕೆಂಪು. ಬಿಳಿ ಗುಡ್ಡ ಎಲ್ಲ ಸರಿ ಇದೆ ಎನ್ನುತ್ತಿರುತ್ತದೆ, ಆದರೆ ಕೆಂಪು ಬಲಗಡೆ ಗೋಡೆಗೆ ಬಡಿದಿರುತ್ತದೆ. ಆಮೇಲೆ ಆ ಜಾಗದಲ್ಲಿ ಕಲ್ಲಿನ ತೂತು, ಒರಟುತನ ಯಾವುದೂ ಕಾಣುವುದಿಲ್ಲ. ಬರೀ ಕಿತ್ತಳೆ ಬಳಿದ ಪಟ್ಟೆ.

ಪಿಕ್ಚರ್ ಸ್ಟೈಲ್ ವಿವಿಡ್ ಅಥವಾ ಲ್ಯಾಂಡ್‌ಸ್ಕೇಪ್ ಇದ್ದರೆ ನ್ಯೂಟ್ರಲ್ ಮಾಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆದಷ್ಟು ಕೆಳಗಿಡಿ. ಹಳದಿ ಬೆಳಕಿನಲ್ಲಿ ನೀಲಿ ಚಾನೆಲ್‌ಗೆ ಬರುವ ಬೆಳಕೇ ಕಮ್ಮಿ. ಬಣ್ಣ ಸರಿ ಮಾಡುವಾಗ ಅದನ್ನೇ ಎಳೆದು ಎತ್ತುತ್ತೇವೆ, ಕಾಳುಕಾಳು ಅಲ್ಲೇ ಮೊದಲು ಕಾಣಿಸಿಕೊಳ್ಳುವುದು.

ಫೋನಿನವರಿಗೆ ಒಂದು ಮಾತು. ಸೂರ್ಯ ಮುಳುಗುವ ಹೊತ್ತಿಗೆ ತಾನಾಗಿಯೇ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಬಹಳ ಫೋನುಗಳಲ್ಲಿದೆ. ನೀವು ಫೋಟೋ ತೆಗೆಯುವ ಹೊತ್ತೂ ಅದೇ. ಅದನ್ನು ಮೊದಲು ಆಫ್ ಮಾಡಿ. ಪ್ರೊ ಮೋಡ್‌ನಲ್ಲಿ ಕೆಲ್ವಿನ್ ಲಾಕ್ ಮಾಡಿ.

ಗ್ರೇ ಕಾರ್ಡ್ ಹಿಡಿಯುವ ಕ್ರಮ

ಕಾರ್ಡ್ ಕೈಯಲ್ಲಿದ್ದರೂ ತಪ್ಪಾಗಿ ಹಿಡಿದರೆ ತಪ್ಪೇ ಸಿಗುತ್ತದೆ. ಗೋಡೆಯ ಮೇಲೆ ಬೀಳುವ ಬೆಳಕೇ ಕಾರ್ಡಿನ ಮೇಲೂ ಬೀಳಬೇಕು, ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಬೇಕು. ಸ್ವಲ್ಪ ಮೇಲಕ್ಕೆ ವಾಲಿಸಿದರೂ ಆಕಾಶದ ನೀಲಿ ಸೇರುತ್ತದೆ, ಕೆಳಕ್ಕೆ ವಾಲಿಸಿದರೆ ಕೆಂಪು ಮಣ್ಣಿನ ಬಣ್ಣ ಸೇರುತ್ತದೆ. ಮೊದಲು ಬಿಸಿಲಲ್ಲಿ ಒಂದು ಫೋಟೋ, ಆಮೇಲೆ ಅದೇ ಕಟ್ಟಡದ ನೆರಳಿನಲ್ಲಿ ಒಂದು. ಎರಡೂ ಬೇಕು. ಕೊನೆಯ ಒಂದು ಗಂಟೆಯಲ್ಲಿ ಬೆಳಕು ಬೇಗ ಬೇಗ ಬದಲಾಗುವುದರಿಂದ ಹತ್ತು ನಿಮಿಷಕ್ಕೊಮ್ಮೆ ಈ ಜೋಡಿಯನ್ನು ಮತ್ತೆ ತೆಗೆದುಕೊಳ್ಳಿ.

ಕಾರ್ಡ್ ಬದಲು ಬಿಳಿ ಕಾಗದ ಹಿಡಿಯುವವರಿದ್ದಾರೆ. ಪ್ರಿಂಟರ್ ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಅದು ನೇರಳಾತೀತ ಬೆಳಕನ್ನು ಹೀರಿ ನೀಲಿ ಬಿಡುತ್ತದೆ. ಜೊತೆಗೆ ಬಂದವರ ಬಿಳಿ ಪಂಚೆಯೂ ಆಗುವುದಿಲ್ಲ, ಉಜಾಲಾ ಹಾಕಿ ಒಗೆದ ಪಂಚೆ ನೀಲಿಯೇ. ಸುಣ್ಣ ಬಳಿದ ಗೋಡೆಯಲ್ಲೂ ಇದೇ ಕಥೆ, ಸುಣ್ಣಕ್ಕೆ ನೀಲಿ ಬೆರೆಸುವ ರೂಢಿ ನಮ್ಮಲ್ಲಿ ಹಳೆಯದು. ಇವುಗಳ ಮೇಲೆ ಐಡ್ರಾಪರ್ (ಒತ್ತಿದ ಜಾಗವನ್ನು ಬೂದು ಎಂದು ಹಿಡಿದು ಬಣ್ಣ ಹೊಂದಿಸುವ ಎಡಿಟಿಂಗ್ ಸಾಧನ) ಒತ್ತಿದರೆ ಇಡೀ ಫೋಟೋ ಬೇಕಾದ್ದಕ್ಕಿಂತ ಹಳದಿಯಾಗುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ಬೂದು ಬಣ್ಣ ನೋಡಿ ‘ಇದೇ ದೊಡ್ಡ ಗ್ರೇ ಕಾರ್ಡ್ ಅಲ್ವಾ’ ಅನಿಸಬಹುದು. ನಂಬಬೇಡಿ. ಆ ಬಣ್ಣ ಕಡಲು, ಆಕಾಶ ಎರಡನ್ನೂ ಪ್ರತಿಫಲಿಸುತ್ತದೆ. ಹಾಗೆಯೇ, ಅಲ್ಲಿಂದ ದಕ್ಷಿಣಕ್ಕೆ ಅರ್ಗಾ ಕಡೆ ಹೋದಾಗ ನೌಕಾನೆಲೆಯ ದಿಕ್ಕಿಗೆ ಕ್ಯಾಮೆರಾ ಎತ್ತಬೇಡಿ.

ಸಂಖ್ಯೆ ಆರಿಸುವುದು

ಬಿಸಿಲಿನಲ್ಲಿ ತೆಗೆದ ಕಾರ್ಡಿನ ಮೇಲೆ ಐಡ್ರಾಪರ್ ಒತ್ತಿದಾಗ 3800 ಬಂತು ಎಂದುಕೊಳ್ಳಿ. ಅದನ್ನೇ ಹಾಕಿದರೆ ಬಿಸಿಲು ಬಿದ್ದ ಸುಣ್ಣದ ಗೋಡೆ ಬೆಳ್ಳಗಾಗುತ್ತದೆ. ಮಧ್ಯಾಹ್ನ ಹನ್ನೆರಡರ ಫೋಟೋ ಅನಿಸುತ್ತದೆ. ಸಾಲದ್ದಕ್ಕೆ ನೆರಳೆಲ್ಲ ಗಾಢ ನೀಲಿ. ಕಾರ್ಡ್ ಸುಳ್ಳು ಹೇಳಲಿಲ್ಲ. ಆದರೆ ಸಂಜೆಯನ್ನು ಅಳಿಸಿಬಿಟ್ಟಿತು.

ನಾನು ಪಾಲಿಸುವ ಲೆಕ್ಕ ಹೀಗೆ: ಬಿಸಿಲಿನ ಕಾರ್ಡ್ ಕೊಟ್ಟ ಸಂಖ್ಯೆ ಮತ್ತು 5200, ಇವೆರಡರ ನಡುವೆ ಎಲ್ಲೋ ನಿಲ್ಲುವುದು. 3800 ಬಂದರೆ 4500ರಿಂದ ಶುರು ಮಾಡುತ್ತೇನೆ. ಕಟ್ಟಡದ ದಾಖಲೆಗೆ ತೆಗೆದದ್ದಾದರೆ ಕಾರ್ಡಿನ ಕಡೆ ಸರಿಯುತ್ತೇನೆ, ಊರಿನ ಸಂಜೆ ತೋರಿಸಬೇಕಾದರೆ 5200ರ ಕಡೆ. 5200 ದಾಟುವುದು ತೀರಾ ಅಪರೂಪ. ಕ್ಲೌಡಿ, ಶೇಡ್ ಹಾಕಿ ಸಂಜೆಯನ್ನು ಇನ್ನಷ್ಟು ಬಂಗಾರ ಮಾಡುವ ಚಟ ಕಟ್ಟಡದ ಫೋಟೋಗೆ ಒಳ್ಳೆಯದಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸ್ಲೈಡರ್ ಎಳೆಯುವಾಗ ಇನ್ನೊಂದು ನೆನಪಿಡಿ. 3000ದಿಂದ 3500ಕ್ಕೆ ಹೋದಾಗ ಆಗುವ ಬಣ್ಣದ ಬದಲಾವಣೆ, 6500ರಿಂದ 7000ಕ್ಕೆ ಹೋದಾಗ ಆಗುವುದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಕೆಳಗಿನ ಸಂಖ್ಯೆಗಳಲ್ಲಿ ನೂರು ನೂರರ ಹೆಜ್ಜೆ ಇಡಿ. ಮೇಲೆ ಐನೂರು ಜಿಗಿದರೂ ಅಷ್ಟೇನೂ ಗೊತ್ತಾಗುವುದಿಲ್ಲ.

ನೆರಳು ನೋಡಿ ತೀರ್ಮಾನಿಸುವುದು

ಬಿಸಿಲು ಬಿದ್ದ ಭಾಗವನ್ನು ನೋಡುತ್ತ ಕೂತರೆ ಬಣ್ಣ ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಮ್ಮ ಕಣ್ಣು ಹಳದಿಗೆ ಬೇಗ ಒಗ್ಗಿಕೊಳ್ಳುತ್ತದೆ. ಐದು ನಿಮಿಷ ನೋಡಿದ ಮೇಲೆ ಎಂಥ ಕಿತ್ತಳೆ ಗೋಡೆಯೂ ಸಹಜವಾಗಿ ಕಾಣುತ್ತದೆ, ‘ಇನ್ನೂ ಸ್ವಲ್ಪ ಹಾಕೋಣ’ ಅನಿಸುತ್ತದೆ. ಆದ್ದರಿಂದ ನೆರಳಿನ ಕಡೆ ನೋಡಿ.

ಬಿಳಿ ಅಥವಾ ಬೂದು ಬಣ್ಣದ ಒಂದೇ ವಸ್ತು ಬಿಸಿಲಿನಲ್ಲೂ ನೆರಳಿನಲ್ಲೂ ಇರುವ ಜಾಗ ಹುಡುಕಿ. ಸುಣ್ಣದ ಗೋಡೆಯ ಮೂಲೆ, ಕಂಬದ ಎರಡು ಮಗ್ಗುಲು, ಮೆಟ್ಟಿಲಿನ ಅಂಚು. ಬಿಸಿಲಿನ ಕಡೆ ಬೆಚ್ಚಗೆ, ನೆರಳಿನ ಕಡೆ ತೆಳುವಾಗಿ ತಂಪು ನೀಲಿ ಇದ್ದರೆ ಸರಿ. ನೆರಳು ಶಾಯಿಯಷ್ಟು ನೀಲಿಯಾದರೆ ನೀವು ಬಿಸಿಲನ್ನು ಜಾಸ್ತಿ ಬಿಳುಪು ಮಾಡಿದ್ದೀರಿ. ನೆರಳಿನಲ್ಲಿ ನೀಲಿ ಚೂರೂ ಇಲ್ಲದೆ ಬೂದು ಆಗಿದ್ದರೆ ಹಳದಿ ಹೆಚ್ಚಾಗಿದೆ. ನೆರಳೇ ಹಳದಿಯಾಗಿದ್ದರೆ ಹಿಂದೆ ಬನ್ನಿ, ಬಹಳ ದೂರ ಹೋಗಿದ್ದೀರಿ.

ಕಣ್ಣಿಗೆ ಅನುಮಾನ ಬಂದರೆ ಸಂಖ್ಯೆ ನೋಡಿ. ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ, ಈ ಎಡಿಟಿಂಗ್ ತಂತ್ರಾಂಶಗಳಲ್ಲಿ ಯಾವುದರಲ್ಲಾದರೂ ಕರ್ಸರ್ ಇಟ್ಟ ಜಾಗದ ಕೆಂಪು, ಹಸಿರು, ನೀಲಿ ಮೌಲ್ಯ ಕಾಣುತ್ತದೆ. 255ರ ಲೆಕ್ಕದಲ್ಲಿ ಬಿಸಿಲಿನ ಬಿಳಿ ಕೆಂಪು 245, ಹಸಿರು 230, ನೀಲಿ 205ರ ಸುತ್ತ ಇದ್ದರೆ ಅದು ಹಿತವಾದ ಸಂಜೆ. ನೆರಳಿನ ಬಿಳಿಯಲ್ಲಿ ಕೆಂಪಿಗಿಂತ ನೀಲಿ ಹತ್ತು ಹದಿನೈದು ಹೆಚ್ಚಿರಲಿ. ಇವು ನನ್ನ ಅಳತೆಗಳು, ಶಾಸ್ತ್ರವಲ್ಲ.

ಎಲ್ಲ ನೆರಳೂ ಸಾಕ್ಷಿಗೆ ಆಗುವುದಿಲ್ಲ ಎನ್ನುವುದು ಇಲ್ಲಿನ ಮುಖ್ಯ ವಿಷಯ. ಮಾಡಿನ ಸೂರಿನ ಕೆಳಗಿನ ನೆರಳಿಗೆ ಆಕಾಶ ಕಾಣುವುದೇ ಇಲ್ಲ. ಅದಕ್ಕೆ ಬರುವುದು ಅಂಗಳದ ಕೆಂಪು ಮಣ್ಣಿಗೆ ತಾಗಿ ಎದ್ದ ಬೆಳಕು. ಅಲ್ಲಿ ಹಳದಿ, ಕೆಂಪು ಇದ್ದೇ ಇರುತ್ತದೆ, ಅದನ್ನು ನೀಲಿ ಮಾಡಲು ಹೋದರೆ ಇಡೀ ಫೋಟೋ ಕೆಡುತ್ತದೆ. ಗೋಕರ್ಣದ ಇಕ್ಕಟ್ಟಾದ ಓಣಿಗಳಲ್ಲಿ ಅಂಗಡಿ ಮುಂದಿನ ತಾಡಪತ್ರೆಯ ಬಣ್ಣವೂ ನೆರಳಿಗೆ ಸೇರಿಕೊಂಡಿರುತ್ತದೆ. ತೆರೆದ ಆಕಾಶ ನೇರವಾಗಿ ಕಾಣುವ ನೆರಳನ್ನೇ ಆರಿಸಿ. ಪೂರ್ವಕ್ಕೆ ನೋಡುವ, ಎದುರು ಬಯಲಿರುವ ಗೋಡೆ ಸಿಕ್ಕಿದರೆ ಅದೇ ಉತ್ತಮ.

ಮಳೆಗಾಲದ ಬೆನ್ನಿಗೆ ಮಿರ್ಜಾನ್‌ನಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ. ಗೋಡೆಯ ಮೇಲಿನ ಪಾಚಿ, ಹುಲ್ಲು. ಹಳದಿ ಮಿತಿಮೀರಿದರೆ ಹಸಿರು ಮೊದಲು ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ನೆರಳಿನಲ್ಲಿರುವ ಪಾಚಿಯೂ ಸಾಸಿವೆ ಬಣ್ಣದಲ್ಲಿದ್ದರೆ ಕೆಲ್ವಿನ್ ಇಳಿಸಿ. ಬೇಸಿಗೆಯಲ್ಲಿ ಪಾಚಿ ಒಣಗಿ ಕಂದು ಆಗಿರುವುದರಿಂದ ಈ ಉಪಾಯ ನಡೆಯುವುದಿಲ್ಲ.

ಗೋಡೆಗೊಂದು ಪಟ್ಟು

ಚಿರೆಕಲ್ಲು, ಮಂಗಳೂರು ಹೆಂಚು ಎರಡರ ಕೆಂಪೂ ಕಬ್ಬಿಣದ ಆಕ್ಸೈಡ್‌ನದು. ಸಂಜೆ ಹಳದಿಗೆ ಇವು ಇನ್ನೂ ಕೆಂಪೇರುತ್ತವೆ. ಕೆಲ್ವಿನ್ ಸರಿ ಇದ್ದು ಕಲ್ಲು ಮಾತ್ರ ಕಿರುಚುತ್ತಿದ್ದರೆ ವೈಟ್ ಬ್ಯಾಲೆನ್ಸ್ ಮುಟ್ಟಬೇಡಿ. ಕಿತ್ತಳೆ ಬಣ್ಣದ ಸ್ಯಾಚುರೇಶನ್ ಮಾತ್ರ ಸ್ವಲ್ಪ ಇಳಿಸಿ. ಚೌಕಟ್ಟಿನಲ್ಲಿ ಜನ ಇದ್ದರೆ ಹುಷಾರು, ಮೈಬಣ್ಣವೂ ಅದೇ ಕಿತ್ತಳೆಯಲ್ಲಿ ಬರುತ್ತದೆ, ಮುಖ ಬೂದಿ ಬಡಿದ ಹಾಗಾಗುತ್ತದೆ.

ಬೂದು ಕಲ್ಲಿನ ಗುಡಿಗಳಿಗೆ, ಭಟ್ಕಳದ ಕೇತಪಯ್ಯ ನಾರಾಯಣ ದೇವಸ್ಥಾನದಂಥವಕ್ಕೆ, ಕಾರ್ಡಿಗೆ ಇನ್ನೂ ಹತ್ತಿರ ಇರಿ. ಬೂದು ಕಲ್ಲು ಕಿತ್ತಳೆಯಾದರೆ ನೋಡುವವರು ಅದನ್ನು ಬೇರೆ ಕಲ್ಲು ಎಂದೇ ತಿಳಿಯುತ್ತಾರೆ.

ಕಾವಿ ಕಲೆಗೆ ಮಾತ್ರ ಹೊಂಬಿಸಿಲು ಬೇಡವೇ ಬೇಡ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಕೆಂಪು, ಅಷ್ಟೇ ಅದರ ಜೀವ. ಸಂಜೆ ಬಿಸಿಲು ಬಿದ್ದರೆ ಬಿಳಿಯೂ ಕೆಂಪಿನ ಕಡೆ ಬಂದು ಎರಡರ ಅಂತರ ಕುಗ್ಗುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿರುವಂಥ ಕಾವಿ ಚಿತ್ರಗಳನ್ನು, ಅನುಮತಿ ಸಿಕ್ಕರೆ, ನೆರಳಿನ ಬೆಳಕಿನಲ್ಲೇ ತೆಗೆಯಿರಿ. ಕಾರ್ಡ್ ಹೇಳಿದ ಸಂಖ್ಯೆಯನ್ನೇ ಹಾಕಿ, ಈ ಒಂದು ಕಡೆ ನಡುವಿನ ದಾರಿ ಇಲ್ಲ. ಕೆಲವು ಗುಡಿಗಳಲ್ಲಿ ಹಳೆ ಕಾವಿಯ ಮೇಲೆ ಆಯಿಲ್ ಪೇಂಟ್ ಬಂದಿದೆ. ಆ ಹೊಳಪನ್ನು ತಗ್ಗಿಸಲು ಪೋಲರೈಸರ್ ಫಿಲ್ಟರ್ ಬೇಕಾಗುತ್ತದೆ.

ಮುರ್ಡೇಶ್ವರದ 123 ಅಡಿಯ ಶಿವನಂತೆ ಬೆಳ್ಳಿ ಬಣ್ಣ ಬಳಿದದ್ದಕ್ಕೆ ತನ್ನದೇ ಬಣ್ಣ ಎನ್ನುವುದು ಕಮ್ಮಿ. ಸುತ್ತಲಿನದೆಲ್ಲ ಅದರಲ್ಲಿ ಕಾಣುತ್ತದೆ. ಹಾಗಾಗಿ ಅದನ್ನು ನೋಡಿ ಬಣ್ಣ ಹೊಂದಿಸಬೇಡಿ.

ತೋಟದ ನಡುವಿನ ಮನೆ

ಶಿರಸಿ, ಸಿದ್ದಾಪುರ ಕಡೆಯ ಹಳೆ ಮನೆಗಳಲ್ಲಿ ಕೆಲ್ವಿನ್ ಒಂದರಿಂದ ಕೆಲಸ ಆಗುವುದಿಲ್ಲ. ಅಡಿಕೆ ತೋಟದ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಹಸಿರು ಇರುತ್ತದೆ. ಜಗಲಿಯ ಕೆಂಪು ನೆಲದಿಂದ ಗೋಡೆಯ ಕೆಳಭಾಗಕ್ಕೆ ಕೆಂಪು ಏರುತ್ತದೆ. ಹಸಿರಿಗೆ ಇರುವುದು ಎರಡನೇ ಸ್ಲೈಡರ್, ಟಿಂಟ್. ಕಾರ್ಡ್ ತೋರಿಸಿದ ಟಿಂಟನ್ನು ಪೂರ್ತಿ ಒಪ್ಪಿಕೊಳ್ಳಿ. ಹಳದಿ ಉಳಿದರೆ ಸಂಜೆ ಅನಿಸುತ್ತದೆ, ಆದರೆ ಗೋಡೆಯ ಮೇಲೆ ಹಸಿರು ಉಳಿದರೆ ಯಾರಿಗೂ ಹಿಡಿಸುವುದಿಲ್ಲ. ನೆಲದ ಕೆಂಪನ್ನು ಮಾತ್ರ ಹಾಗೇ ಬಿಡಿ. ಅದು ಆ ಮನೆಯದೇ.

ದೀಪ ಹಚ್ಚಿದ ಮೇಲೆ

ಆರು ಗಂಟೆ ಕಳೆದ ಮೇಲೆ ಬಲ್ಬುಗಳು ಹತ್ತಿಕೊಳ್ಳುತ್ತವೆ. ವಾರ್ಮ್ ಎಲ್‌ಇಡಿ 2700ರಿಂದ 3000, ಬಿಳಿ ಎಲ್‌ಇಡಿ ಹೆಚ್ಚಾಗಿ 6500. ಮುಳುಗುವ ಸೂರ್ಯನೂ ವಾರ್ಮ್ ಬಲ್ಬೂ ಹೆಚ್ಚು ಕಡಿಮೆ ಒಂದೇ ಬಣ್ಣ. ಆ ಕೆಲವೇ ನಿಮಿಷದಲ್ಲಿ ಒಳಗಿನ ದೀಪ, ಹೊರಗಿನ ಗೋಡೆ ಎರಡೂ ಒಂದೇ ವೈಟ್ ಬ್ಯಾಲೆನ್ಸ್‌ಗೆ ಒಗ್ಗುತ್ತವೆ. ಆಮೇಲೆ ಹೊರಗೆ ನೀಲಿ ಏರುತ್ತದೆ, 4000ದ ಸುತ್ತ ಇಡಿ. ಹಳೆಯ ಸೋಡಿಯಂ ಬೀದಿದೀಪ ಇದ್ದರೆ ಅದರ ಬೆಳಕು ಬಿದ್ದ ಜಾಗಕ್ಕೆ ಯಾವ ಸಂಖ್ಯೆಯೂ ಸಾಲದು. ಗೋಪುರಕ್ಕೆ ಸುತ್ತಿದ ಬಣ್ಣದ ಸೀರಿಯಲ್ ಸೆಟ್‌ಗೂ ಅಷ್ಟೇ. ಟ್ರೈಪಾಡ್ ಬೇಕಾಗುವುದು ಈ ಹೊತ್ತಿಗೆ. ಬನವಾಸಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತ ಅನುಮತಿ ಬೇಕು.

ಮನೆಗೆ ಬಂದ ಮೇಲೆ

ಅವತ್ತೇ ರಾತ್ರಿ ಬಣ್ಣ ಹೊಂದಿಸಲು ಕೂರಬೇಡಿ. ಕಣ್ಣು ಇನ್ನೂ ಸಂಜೆಯ ಹಳದಿಯಲ್ಲೇ ಇರುತ್ತದೆ, ಕೋಣೆಯ ಬಲ್ಬೂ ಹಳದಿಯಾದರೆ ಕೇಳುವುದೇ ಬೇಡ. ಮರುದಿನ ಹಗಲಿನಲ್ಲಿ, ಪರದೆಗೆ ನೇರ ಬೆಳಕು ಬೀಳದ ಜಾಗದಲ್ಲಿ ಕೂತು ಮಾಡಿ. ಒಂದು ಹತ್ತು ನಿಮಿಷದ ಫೋಟೋಗಳಿಗೆಲ್ಲ ಒಂದೇ ಸಂಖ್ಯೆ ಕೊಡಿ, ಒಂದೊಂದಕ್ಕೆ ಒಂದೊಂದು ಬೇಡ. ಬಿಸಿಲಿಗೂ ನೆರಳಿಗೂ ಅಂತರ ತೀರಾ ದೊಡ್ಡದಾಗಿದ್ದರೆ ನೆರಳಿನ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಸ್ವಲ್ಪ ಬೆಚ್ಚಗೆ ಮಾಡಬಹುದು. ನೀಲಿ ಪೂರ್ತಿ ಹೋಗುವ ಮೊದಲೇ ನಿಲ್ಲಿಸಿ.

ಜಾಲತಾಣಕ್ಕೆ, ವಾಟ್ಸಾಪ್‌ಗೆ ಎಸ್‌ಆರ್‌ಜಿಬಿಯಲ್ಲೇ (ಸಾಮಾನ್ಯ ಪರದೆಗಳು ಬಳಸುವ ಬಣ್ಣದ ವ್ಯವಸ್ಥೆ) ಎಕ್ಸ್‌ಪೋರ್ಟ್ ಮಾಡಿ. ಪ್ರಿಂಟ್ ಹಾಕಿಸುವುದಾದರೆ ದೊಡ್ಡದಕ್ಕೆ ದುಡ್ಡು ಕೊಡುವ ಮೊದಲು ಪೋಸ್ಟ್‌ಕಾರ್ಡ್ ಗಾತ್ರದ ಒಂದನ್ನು ಹಾಕಿಸಿ. ಅದನ್ನು ಸ್ಟುಡಿಯೋದ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಬೇಡಿ, ಹಗಲಲ್ಲಿ ಬಾಗಿಲಾಚೆ ತಂದು ನೋಡಿ. ನೆರಳಿನ ನೀಲಿ ಕಾಗದದಲ್ಲಿ ಉಳಿದಿಲ್ಲ ಎಂದರೆ ಕೆಲ್ವಿನ್ ಇನ್ನೂರು ಇಳಿಸಿ ಮತ್ತೊಂದು ಹಾಕಿಸಿ.